ಕಂಡುದನ್ನು ಬರೆದಿಟ್ಟ ಜವಳಿ ವ್ಯಾಪಾರಿ

ಬೆಳಗಿನಲ್ಲಿ ಹಲ್ಲುಜ್ಜುವ ಮುನ್ನ ನಾಲಿಗೆಯನ್ನು ಹಲ್ಲಿನ ಮೇಲಾಡಿಸಿದರೆ ಲೋಳೆಯಂತಹ ತೆಳುಪದರವೊಂದು ತಗಲುವುದಷ್ಟೆ. ಅದನ್ನು ತೊಳೆದು ಮರೆಯುವವರೇ ನಾವೆಲ್ಲರೂ. ಅದನ್ನು ಕುತೂಹಲದಿಂದ ಪರೀಕ್ಷಿಸಿ, ಅದರೊಳಗೊಂದು ಲೋಕವನ್ನೇ ಕಂಡವನು ಹಾಲೆಂಡ್ ದೇಶದ ಜವಳಿ ವ್ಯಾಪಾರಿ ಆಂಟನಿ ವಾನ್ ಲೀವೆನ್‌ಹುಕ್.

ಈತನು 1632ನೆಯ ಅಕ್ಟೋಬರ್ 24ರಂದು ಡೆಲ್ಫ್ಟ್ ಪಟ್ಟಣದಲ್ಲಿ ಜನಿಸಿದನು. ಬುಟ್ಟಿ ಹೆಣೆಯುತ್ತಿದ್ದ ತಂದೆಯು ಮಗನ ಬಾಲ್ಯದಲ್ಲಿಯೇ ತೀರಿಕೊಂಡನು. 16ನೆಯ ವಯಸ್ಸಿನಲ್ಲಿ ಹುಡುಗನು ಆಮ್‌ಸ್ಟರ್‌ಡಾಮ್ ನಗರಕ್ಕೆ ಹೋಗಿ ಬಟ್ಟೆಯಂಗಡಿಯಲ್ಲಿ ಕೆಲಸ ಕಲಿತನು; 1654ರಲ್ಲಿ ಊರಿಗೆ ಮರಳಿ ಸ್ವಂತ ಅಂಗಡಿ ತೆರೆದನು. ವಿಶ್ವವಿದ್ಯಾಲಯದ ಮೆಟ್ಟಿಲನ್ನು ಆತನು ಹತ್ತಲಿಲ್ಲ. ಪಂಡಿತರ ಭಾಷೆಯಾದ ಲ್ಯಾಟಿನ್ ಆತನಿಗೆ ಬಾರದು. ನೂಲಿನ ಗುಣವನ್ನು ನೋಡಲು ಜವಳಿಯವರು ಭೂತಗನ್ನಡಿಯನ್ನು ಬಳಸುತ್ತಿದ್ದ ಕಾಲವದು. ಲೀವೆನ್‌ಹುಕ್ ತಾನೇ ಪುಟ್ಟ ಮಸೂರಗಳನ್ನು ಸಿದ್ಧಪಡಿಸಿ, ಒಂಟಿ ಮಸೂರದ ಸೂಕ್ಷ್ಮದರ್ಶಕಗಳನ್ನು ನಿರ್ಮಿಸಿದನು. ಉಳಿದು ಬಂದಿರುವ ಅವುಗಳಲ್ಲಿ ಒಂದು ವಸ್ತುವನ್ನು ಸುಮಾರು 270 ಪಟ್ಟು ಹಿಗ್ಗಿಸಿ ತೋರಿಸಬಲ್ಲದು.

1673ರಿಂದ ಆತನು ಲಂಡನ್ನಿನ ರಾಯಲ್ ಸೊಸೈಟಿಗೆ ತನ್ನ ಡಚ್ ನುಡಿಯಲ್ಲಿಯೇ ಪತ್ರಗಳನ್ನು ಬರೆಯತೊಡಗಿದನು. ಕರಿಮೆಣಸಿನ ಖಾರಕ್ಕೆ ಕಾರಣವೇನೆಂದು ತಿಳಿಯಲು ಮೆಣಸನ್ನು ನೀರಿನಲ್ಲಿ ನೆನೆಯಿಟ್ಟಾಗ, ಖಾರದ ಗುಟ್ಟು ಕಾಣಲಿಲ್ಲ. ನೀರಿನಲ್ಲಿ ಅತಿಸೂಕ್ಷ್ಮ ಜೀವಿಗಳು ಈಜಾಡುವುದು ಕಂಡಿತು. 1676ರ ಪತ್ರದಲ್ಲಿ ಇದನ್ನು ತಿಳಿಸಿದಾಗ ವಿದ್ವಾಂಸರು ಸಂಶಯಪಟ್ಟರು. ಮರುವರ್ಷ ರಾಬರ್ಟ್ ಹುಕ್ ಎಂಬ ವಿಜ್ಞಾನಿಯು ತಾನೂ ನೋಡಿ, ಅದು ನಿಜವೆಂದು ತೋರಿಸಿದನು. 1680ರಲ್ಲಿ ಆ ಸಂಸ್ಥೆಯು ಈ ವ್ಯಾಪಾರಿಯನ್ನು ತನ್ನ ಸದಸ್ಯನನ್ನಾಗಿ ಆರಿಸಿತು.

1683ರಲ್ಲಿ ಆತನು ತನ್ನ ಹಲ್ಲಿನ ಸಂದಿಯ ಬಿಳಿಯ ಕೊಳೆಯನ್ನು ಪರೀಕ್ಷಿಸಿದ ವಿವರವನ್ನು ಬರೆದನು. ದಿನವೂ ಉಪ್ಪಿನಿಂದ ಹಲ್ಲುಜ್ಜುತ್ತಿದ್ದರೂ ಅದರಲ್ಲಿ ಜೀವಿಗಳು ತುಂಬಿದ್ದವು! ಕಟುವಾದ ದ್ರಾಕ್ಷಾಮದ್ಯದ ವಿನಿಗರಿನಿಂದ ಬಾಯಿ ಮುಕ್ಕಳಿಸಿದರೂ ಅವು ಸಾಯಲಿಲ್ಲ. ಕೊಳೆಯನ್ನು ಕೆರೆದು ತೆಗೆದು ನೀರಿನಲ್ಲಿ ಕದಡಿ ವಿನಿಗರ್ ಬೆರೆಸಿದಾಗ ಸತ್ತವು. ಪದರದೊಳಕ್ಕೆ ವಿನಿಗರ್ ಇಳಿಯುವುದಿಲ್ಲವೆಂದು ಆತನು ಸರಿಯಾಗಿ ಊಹಿಸಿದನು. ಬ್ಯಾಕ್ಟೀರಿಯಗಳು ಅಂಟು ದ್ರವ್ಯವನ್ನು ಸ್ರವಿಸಿ ಕಟ್ಟಿಕೊಳ್ಳುವ ಇಂತಹ ವಸತಿಯನ್ನು ಇಂದು ಜೈವಿಕ ಪೊರೆ ಎನ್ನುತ್ತೇವೆ.

ಇನ್ನೊಂದು ಸಂಗತಿಯುಂಟು. 1678ರ ಹೊತ್ತಿಗೆ ಆತನು ಮಾನವನ ವೀರ್ಯವನ್ನು ಪರೀಕ್ಷಿಸುವಾಗ, ಸ್ವಲ್ಪ ಕಾಲ ಬಿಟ್ಟ ಬಳಿಕ ಅದರಲ್ಲಿ ಮೂಡಿದ ಚೂಪು ತುದಿಯ ಹರಳುಗಳನ್ನೂ ವರ್ಣಿಸಿದ್ದನು. ಅವೇನೆಂಬುದು ಆತನಿಗೆ ತಿಳಿಯಲಿಲ್ಲ. ಆ ಹರಳಿನಲ್ಲಿದ್ದ ದ್ರವ್ಯಕ್ಕೆ 1888ರಲ್ಲಿ ಸ್ಪರ್ಮಿನ್ ಎಂಬ ಹೆಸರು ಬಂದಿತು. ಅದರ ರಚನೆಯು ಗೊತ್ತಾದುದು 1920ರ ದಶಕದಲ್ಲಿ. ಪುಟ್ರೆಸಿನ್, ಸ್ಪರ್ಮಿಡಿನ್ ಮುಂತಾದವು ಇದರ ಬಳಗದವು. ಈ ಬಳಗಕ್ಕೆ ಪಾಲಿಅಮೈನ್‌ಗಳೆಂದು ಹೆಸರು. ಆರ್ನಿಥಿನ್, ಆರ್ಜಿನಿನ್ ಮೊದಲಾದ ಅಮೈನೊ ಆಮ್ಲಗಳಿಂದ ಜೀವಕೋಶಗಳು ಇವನ್ನು ತಯಾರಿಸಿಕೊಳ್ಳುತ್ತವೆ.

ಬ್ಯಾಕ್ಟೀರಿಯವು ಈಜಬೇಕೋ ನೆಲೆಯೂರಬೇಕೋ ಎಂಬುದರಲ್ಲಿ ಈ ಬಳಗಕ್ಕೂ ಪಾತ್ರವುಂಟೆಂಬುದು ಈಚಿನ ಶೋಧನೆ. ಪ್ರೋಟಿಯಸ್ ಎಂಬ ಬ್ಯಾಕ್ಟೀರಿಯವು ಗುಂಪುಗೂಡಿ ಹರಿದಾಡಲು ಪುಟ್ರೆಸಿನ್ ಬೇಕು. ಪ್ಲೇಗಿನ ಬ್ಯಾಕ್ಟೀರಿಯಕ್ಕೆ ಅದೇ ಪುಟ್ರೆಸಿನ್ ಪೊರೆ ಕಟ್ಟಲು ಬೇಕು. ಕಾಲರಾ ಬ್ಯಾಕ್ಟೀರಿಯಕ್ಕೆ ಹೊರಗಿನಿಂದ ಸ್ಪರ್ಮಿಡಿನ್ ದೊರೆತರೆ ಪೊರೆ ಕಟ್ಟುವುದು ಕುಗ್ಗುತ್ತದೆ. ನಾರ್‌ಸ್ಪರ್ಮಿಡಿನ್ ದೊರೆತರೆ ಹೆಚ್ಚುತ್ತದೆ. ಕೋಶದೊಳಗಿನ ಸಂಕೇತ ದ್ರವ್ಯವೊಂದು ಏರಿದರೆ ನೆಲೆ, ಇಳಿದರೆ ಈಜು. ಪೊರೆಯೊಳಗಿನ ಬ್ಯಾಕ್ಟೀರಿಯಗಳಿಗೆ ಔಷಧವು ಸುಲಭವಾಗಿ ತಾಗದಿರುವುದರಿಂದ ವೈದ್ಯರಿಗೂ ಈ ವಿಚಾರ ಮುಖ್ಯವಾದುದು.

ಈಜುವ ಜೀವಿ, ಅದು ನೆಲೆಸುವ ಪೊರೆ, ಎರಡಕ್ಕೂ ಸಂಬಂಧಿಸಿದ ದ್ರವ್ಯಬಳಗದ ಹರಳು: ಮೂರನ್ನೂ ಒಬ್ಬನೇ ಕಂಡಿದ್ದನು. ಅವುಗಳ ನಡುವಣ ನಂಟನ್ನು ಅರಿಯದೆಯೇ 1723ರ ಆಗಸ್ಟ್ 26ರಂದು, 90 ವರ್ಷ ತುಂಬಿದ ಮುದುಕನಾಗಿ ತೀರಿಕೊಂಡನು. ಆದರೆ ಅರ್ಥವಾಗದುದನ್ನೂ ಅಳಿಸದೆ ಬರೆದಿಟ್ಟನು.

ಊರು ಬಿಟ್ಟು, ಕನ್ನಡದ ಓದೊಂದನ್ನೇ ನೆಚ್ಚಿಕೊಂಡು ಈ ಮಹಾನಗರಕ್ಕೆ ಬಂದ ನಮಗೆ, ಇಷ್ಟು ಸಾಲದೇನೋ ಎಂಬ ಅಳುಕು ಎಷ್ಟೋ ದಿನ ಕಾಡಿದುದುಂಟು. ನಿಮ್ಮಲ್ಲಿಯೂ ಕೆಲವರಿಗೆ ಆ ಅಳುಕು ಇರಬಹುದು. ಬೇರೆ ಭಾಷೆಗಳನ್ನು ಕಲಿಯಿರಿ, ಬೇಡವೆನ್ನುವುದಿಲ್ಲ. ಆದರೆ ಕಲಿಯುವವರೆಗೆ ಕಣ್ಣು ಮುಚ್ಚಿ ಕುಳಿತಿರಬೇಡಿರಿ. ವಿದ್ಯಾರ್ಥಿ ಮಿತ್ರರೇ, ಇಂದು ಕಂಡುದನ್ನು ಇಂದೇ, ಬಲ್ಲ ನುಡಿಯಲ್ಲಿ ಬರೆದಿಡಿರಿ.