ಉಪಾಧ್ಯಾಯಿನಿಯರ ಗುರು ಮಿಸ್ ಎಲಿಜಬೆತ್ ಹ್ಯೂಸ್

ವಿದ್ಯೆಯನ್ನು ತಾನು ಅರಿಯುವುದು ಒಂದು; ಅರಿತ ವಿದ್ಯೆಯನ್ನು ಮತ್ತೊಬ್ಬರ ಮನಸ್ಸಿಗೆ ಮುಟ್ಟುವಂತೆ ಹೇಳುವುದು ಇನ್ನೊಂದು. ಮೊದಲನೆಯದು ಕೈಗೂಡಿದರೆ ಎರಡನೆಯದು ತಾನಾಗಿಯೇ ಬರುವುದೆಂದು ಜನರು ಬಹುಕಾಲ ನಂಬಿದ್ದರು. ಆದರೆ ದಡದಲ್ಲಿ ಕುಳಿತು ಈಜು ಕಲಿತವರನ್ನು ನಾವು ಯಾರೂ ಕಂಡಿಲ್ಲ. ಅಂತೆಯೇ ಮಕ್ಕಳ ಮುಂದೆ ನಿಲ್ಲದೆ ಉಪಾಧ್ಯಾಯರಾದವರೂ ಇಲ್ಲ.

ನಮ್ಮಂತಹ ಹೈಸ್ಕೂಲುಗಳಿಗೆ ಟ್ರೈನಿಂಗ್ ಕಾಲೇಜಿನ ತರುಣಿಯರು ಪಾಠ ಹೇಳುವ ಅಭ್ಯಾಸಕ್ಕಾಗಿ ಬರುವುದುಂಟು. ಕೈಯಲ್ಲಿ ಪಾಠಟಿಪ್ಪಣಿಯ ಪುಸ್ತಕ, ಮುಂದೆ ನಲವತ್ತು ಐವತ್ತು ಬಾಲಕಿಯರು, ಹಿಂದಿನ ಬೆಂಚಿನಲ್ಲಿ ತಪ್ಪು ಒಪ್ಪುಗಳನ್ನು ಬರೆದುಕೊಳ್ಳುತ್ತ ಕುಳಿತ ಅವರ ಅಧ್ಯಾಪಕರು. ಇಂತಹ ಸ್ಥಿತಿಯಲ್ಲಿ ಆ ತರುಣಿಯ ಗಂಟಲು ಒಣಗುವುದು ಆಶ್ಚರ್ಯವಲ್ಲ. ಹೈಸ್ಕೂಲಿನಲ್ಲಿ ಕಲಿಸುವವರಿಗೂ ಇಂತಹ ಅಭ್ಯಾಸವು ಅವಶ್ಯವೆಂಬುದು ಇಂದು ಎಲ್ಲರೂ ಒಪ್ಪಿದ ಮಾತು. ನೂರೈವತ್ತು ವರ್ಷಗಳ ಹಿಂದೆ ಹಾಗಿರಲಿಲ್ಲ. ಅದನ್ನು ಲೋಕವು ಒಪ್ಪುವಂತೆ ಮಾಡಲು ದುಡಿದವರಲ್ಲಿ ಕೇಂಬ್ರಿಜ್ ನಗರದ ಮಿಸ್ ಎಲಿಜಬೆತ್ ಫಿಲಿಪ್ಸ್ ಹ್ಯೂಸ್‌ರವರು ಅಗ್ರಗಣ್ಯರು. ಅವರ ಜೀವನಚರಿತ್ರೆಯನ್ನು ಈ ಸ್ಮರಣ ಸಂಚಿಕೆಯ ವಾಚಕರಿಗೆ ಸಂಗ್ರಹವಾಗಿ ತಿಳಿಸಲು ಯತ್ನಿಸುವೆವು.

ಮಿಸ್ ಹ್ಯೂಸ್‌ರವರು 1851ನೆಯ ಇಸವಿಯಲ್ಲಿ ವೇಲ್ಸ್ ಸೀಮೆಯ ಕಾರ್ಮಾರ್ಥನ್ ಎಂಬ ಊರಿನಲ್ಲಿ ಜನಿಸಿದರು. ತಂದೆಯವರು ವೈದ್ಯರು. ಅಣ್ಣನಾದ ಹ್ಯೂ ಪ್ರೈಸ್ ಹ್ಯೂಸ್‌ರವರು ಮುಂದೆ ಮೆಥೊಡಿಸ್ಟ್ ಸಭೆಯ ಪ್ರಸಿದ್ಧ ಬೋಧಕರಾದರು. ಆ ಕಾಲದಲ್ಲಿ ಮಧ್ಯಮ ವರ್ಗದ ಮನೆಗಳ ಹೆಣ್ಣುಮಕ್ಕಳಿಗೆ ದೊರೆಯುತ್ತಿದ್ದ ವಿದ್ಯೆಯು ಅಲ್ಪ. ಸ್ವಲ್ಪ ಸಂಗೀತ, ಸ್ವಲ್ಪ ಚಿತ್ರಕಲೆ, ಸ್ವಲ್ಪ ಫ್ರೆಂಚ್, ಕಂಠಪಾಠ ಮಾಡಿದ ಕೆಲವು ಇಸವಿಗಳು, ಇಷ್ಟಾದರೆ ಸಾಕೆಂಬುದು ಅನೇಕರ ಮತವಾಗಿತ್ತು. 1864ರಲ್ಲಿ ನೇಮಕವಾದ ಟಾಂಟನ್ ಆಯೋಗವು ಇಂಗ್ಲೆಂಡಿನ ಪ್ರೌಢಶಾಲೆಗಳನ್ನು ವಿಚಾರಿಸಿ, ಬಾಲಕಿಯರ ವಿದ್ಯೆಯಲ್ಲಿ ಆಳವೂ ಕ್ರಮವೂ ಇಲ್ಲವೆಂಬುದನ್ನು ತನ್ನ ವರದಿಯಲ್ಲಿ ಬಯಲಿಗಿಟ್ಟಿತು. ಕಲಿಸುವವರೇ ಚೆನ್ನಾಗಿ ಕಲಿತಿರದಿದ್ದುದು ಇದಕ್ಕೆ ಒಂದು ಮುಖ್ಯ ಕಾರಣ.

ಇಂತಹ ಕಾಲದಲ್ಲಿ ಬಾಲಕಿಯರ ವಿದ್ಯೆಗೆ ಹೊಸ ದಾರಿಯನ್ನು ತೋರಿಸಿದವರಲ್ಲಿ ಚೆಲ್ಟನ್‌ಹ್ಯಾಮ್ ಲೇಡೀಸ್ ಕಾಲೇಜಿನ ಮಿಸ್ ಡೊರೊಥಿಯಾ ಬೀಲ್‌ರವರೂ ಲಂಡನ್ನಿನ ಮಿಸ್ ಫ್ರಾನ್ಸಿಸ್ ಮೇರಿ ಬಸ್‌ರವರೂ ಪ್ರಮುಖರು. ಮಿಸ್ ಹ್ಯೂಸ್‌ರವರು 1877ರಿಂದ 1881ರವರೆಗೆ ಬೀಲ್‌ರವರ ಶಾಲೆಯಲ್ಲಿಯೇ ಉಪಾಧ್ಯಾಯಿನಿಯಾಗಿದ್ದರು. ಅವರು ಆ ಕೆಲಸಕ್ಕೆ ಸೇರಿದ ವರ್ಷದಲ್ಲಿ ಪ್ರೌಢಶಾಲೆಯ ಉಪಾಧ್ಯಾಯಿನಿಯರಿಗಾಗಿ ಏರ್ಪಟ್ಟ ಟ್ರೈನಿಂಗ್ ಕಾಲೇಜು ಇಂಗ್ಲೆಂಡಿನಲ್ಲಿ ಒಂದೂ ಇರಲಿಲ್ಲ. ಆಗ ಕೆಲಸಕ್ಕೆ ಸೇರಿದ ಪ್ರತಿಯೊಬ್ಬ ತರುಣಿಯೂ ತನ್ನ ಸ್ವಂತ ತರಗತಿಯಲ್ಲಿ, ತನಗೆ ಒಪ್ಪಿಸಿದ ಮಕ್ಕಳ ಮೇಲೆಯೇ, ತಪ್ಪಿ ತಿದ್ದಿಕೊಂಡು ಈ ಕಲೆಯನ್ನು ಸಾಧಿಸಬೇಕಾಗಿತ್ತು. ಅವಳ ತಪ್ಪಿನ ಬೆಲೆಯನ್ನು ತೆತ್ತವರು ಆ ಮಕ್ಕಳೇ.

ಇಲ್ಲಿ ಒಂದು ವಿಚಿತ್ರವನ್ನು ವಾಚಕರು ಗಮನಿಸಬೇಕು. ಬಡವರ ಮಕ್ಕಳು ಓದುವ ಪ್ರಾಥಮಿಕ ಶಾಲೆಗಳ ಉಪಾಧ್ಯಾಯರಿಗೆ ಆ ದೇಶದಲ್ಲಿ ಆಗಲೇ ತರಬೇತಿಯ ಏರ್ಪಾಡಿತ್ತು. 1846ರಿಂದ ಸರಕಾರವು ಹದಿಮೂರು ವರ್ಷದ ಬಾಲಕ ಬಾಲಕಿಯರನ್ನು ಐದು ವರ್ಷಗಳ ಕಾಲ ಶಾಲೆಯಲ್ಲಿಯೇ ಹಿರಿಯ ಉಪಾಧ್ಯಾಯರ ಕೈಕೆಳಗಿಟ್ಟು ಪಾಠ ಹೇಳುವುದನ್ನು ಕಲಿಸುತ್ತಿತ್ತು. ಆದರೆ ಮೇಲಿನ ಶಾಲೆಗಳಲ್ಲಿ ಕಲಿಸುವವರಿಗೆ ಪಾಂಡಿತ್ಯವಿದ್ದರೆ ಸಾಕು, ಉಳಿದುದೆಲ್ಲ ಹುಟ್ಟುಗುಣದಿಂದ ಬರುವುದು ಎಂಬ ಭಾವನೆಯು ಬಲವಾಗಿತ್ತು. ಬೋಧನೆಯ ಕಲೆಯನ್ನು ಕಲಿಯುವುದೆಂದರೆ ಪದವೀಧರರಿಗೆ ಒಂದು ಬಗೆಯ ಕೀಳುತನವೆನಿಸಿತ್ತು. 1878ರಲ್ಲಿ ಲಂಡನ್ನಿನಲ್ಲಿ ಪ್ರೌಢಶಾಲೆಯ ಉಪಾಧ್ಯಾಯಿನಿಯರಿಗಾಗಿ ಒಂದು ಕಾಲೇಜು ಆರಂಭವಾಯಿತು. ಮುಂದೆ ಅದಕ್ಕೆ ಮರಾಯ ಗ್ರೇ ಎಂಬ ಮಹಿಳೆಯ ಹೆಸರು ಬಂದಿತು. 1879ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯವು ಉಪಾಧ್ಯಾಯರ ತರಬೇತಿಗಾಗಿ ಒಂದು ಮಂಡಲಿಯನ್ನು ನೇಮಿಸಿ, ಬೋಧನಾಶಾಸ್ತ್ರದಲ್ಲಿ ಪರೀಕ್ಷೆಯನ್ನು ಏರ್ಪಡಿಸಿತು. ಆದರೆ ಆ ಪರೀಕ್ಷೆಗೆ ಬೇಕಾದ ಅಭ್ಯಾಸವನ್ನು ಮಾಡಿಸುವ ಸ್ಥಳವು ಕೇಂಬ್ರಿಜ್‌ನಲ್ಲಿಯೇ ಇರಲಿಲ್ಲ.

1881ರಲ್ಲಿ, ಮೂವತ್ತು ವರ್ಷ ವಯಸ್ಸಿನಲ್ಲಿ, ಮಿಸ್ ಹ್ಯೂಸ್‌ರವರು ಕೆಲಸವನ್ನು ಬಿಟ್ಟು ಕೇಂಬ್ರಿಜ್‌ನ ನ್ಯೂನಮ್ ಕಾಲೇಜಿಗೆ ವಿದ್ಯಾರ್ಥಿನಿಯಾಗಿ ಸೇರಿದರು. ನಾಲ್ಕು ವರ್ಷ ಪಾಠ ಹೇಳಿದವರು ತಮಗಿಂತ ಹತ್ತು ವರ್ಷ ಕಿರಿಯರೊಡನೆ ಬೆಂಚಿನ ಮೇಲೆ ಕುಳಿತುಕೊಳ್ಳಲು ನಾಚಲಿಲ್ಲ. 1884ರಲ್ಲಿ ತತ್ತ್ವಶಾಸ್ತ್ರದ ಪರೀಕ್ಷೆಯಲ್ಲಿ ಅವರು ಪ್ರಥಮ ವರ್ಗದಲ್ಲಿ ತೇರ್ಗಡೆಯಾದರು. ಮರುವರ್ಷ ಇತಿಹಾಸದ ಪರೀಕ್ಷೆಯನ್ನೂ ಕೊಟ್ಟರು. ಆದರೂ ಪದವಿಯು ದೊರೆಯಲಿಲ್ಲ. ಸ್ತ್ರೀಯರಿಗೆ ಪರೀಕ್ಷೆಯ ಬಾಗಿಲನ್ನು ತೆರೆದ ಆ ವಿಶ್ವವಿದ್ಯಾನಿಲಯವು ಪದವಿಯ ಬಾಗಿಲನ್ನು 1948ರವರೆಗೆ ಮುಚ್ಚಿಯೇ ಇಟ್ಟಿತ್ತು.

ಅದೇ ಸಮಯದಲ್ಲಿ ಮಿಸ್ ಬಸ್‌ರವರು, ನ್ಯೂನಮ್ ಕಾಲೇಜಿನ ಮುಖ್ಯಸ್ಥರಾದ ಮಿಸ್ ಆನ್ ಕ್ಲಫ್ ಮೊದಲಾದವರ ಬೆಂಬಲದಿಂದ, ಉಪಾಧ್ಯಾಯಿನಿಯರ ತರಬೇತಿಗೆ ಕೇಂಬ್ರಿಜ್‌ನಲ್ಲಿ ಒಂದು ಕಾಲೇಜನ್ನು ಸ್ಥಾಪಿಸಲು ಉದ್ಯುಕ್ತರಾಗಿದ್ದರು. 1885ರಲ್ಲಿ ಅದು ಆರಂಭವಾಯಿತು. ಮಿಸ್ ಹ್ಯೂಸ್‌ರವರೇ ಅದರ ಮೊದಲ ಪ್ರಿನ್ಸಿಪಾಲರು. ವಿದ್ಯಾರ್ಥಿನಿಯರು 14 ಮಂದಿ. ಕಟ್ಟಡವೆಂದರೆ ನ್ಯೂನಮ್ ಭಾಗದ ಕೆಲವು ಪುಟ್ಟ ಮನೆಗಳು. ದೊಡ್ಡ ಧನವಿಲ್ಲ, ಹೆಸರಿಲ್ಲ. ಅಭ್ಯಾಸಕ್ಕೆ ಮಕ್ಕಳು ಬೇಕೆಂದರೆ ಸ್ವಂತದ ಶಾಲೆಯೂ ಇಲ್ಲ. ಊರಿನ ಶಾಲೆಗಳ ಬಾಗಿಲಿಗೆ ಹೋಗಿ ತರಗತಿಗಳನ್ನು ಎರವಲು ಕೇಳಬೇಕಾಯಿತು.

ತರಗತಿಯನ್ನು ಎರವಲು ಕೇಳುವುದು ಪಾತ್ರೆಯನ್ನು ಎರವಲು ಕೇಳಿದಂತಲ್ಲ. ಪಾತ್ರೆಯು ಬಳಸಿದ ಮೇಲೆ ಹಾಗೆಯೇ ಹಿಂದಿರುಗುವುದು. ಮಕ್ಕಳು ಕಳೆದುಕೊಂಡ ಒಂದು ಗಂಟೆಯು ಹಿಂದಿರುಗಲಾರದು. ಅನುಭವವಿಲ್ಲದವರ ಕೈಗೆ ನಮ್ಮ ಮಕ್ಕಳನ್ನು ಏಕೆ ಕೊಡಬೇಕೆಂದು ತಾಯಿತಂದೆಗಳು ಕೇಳಿದರೆ, ನಡುವೆ ಕೆಟ್ಟ ಪಾಠವನ್ನು ಮತ್ತೆ ನಾವೇ ಸರಿಪಡಿಸಬೇಕಲ್ಲವೆ ಎಂದು ಶಾಲೆಯವರು ಕೇಳಿದರೆ, ಅದನ್ನು ಅನ್ಯಾಯದ ಪ್ರಶ್ನೆಯೆನ್ನಲಾಗದು. ಈ ಆಕ್ಷೇಪವು ಇಂಗ್ಲೆಂಡಿನ ಶಾಲೆಗಳಲ್ಲಿ ಅಂದು ಇದ್ದಿತು, ನಮ್ಮಲ್ಲಿ ಇಂದೂ ಇದೆ.

ಇದಕ್ಕೆ ತರಬೇತಿಯ ಪದ್ಧತಿಯೇ ಉತ್ತರ. ಹೊಸಬಳನ್ನು ಮೊದಲ ದಿನವೇ ತರಗತಿಗೆ ನೂಕಿಬಿಡುವುದಿಲ್ಲ. ಮೊದಲು ಅವಳು ಹಿಂದೆ ಕುಳಿತು, ಅನುಭವಿಗಳು ಹೇಗೆ ಪ್ರಶ್ನೆ ಕೇಳುವರು, ಉತ್ತರಕ್ಕೆ ಎಷ್ಟು ಹೊತ್ತು ಕಾಯುವರು, ತಪ್ಪು ಉತ್ತರ ಬಂದಾಗ ಮಗುವಿನ ಮುಖ ಬಾಡದಂತೆ ಹೇಗೆ ತಿದ್ದುವರು ಎಂಬುದನ್ನು ನೋಡಬೇಕು. ಬಳಿಕ ತಾನು ಹೇಳಬೇಕಾದ ಪಾಠದ ಟಿಪ್ಪಣಿಯನ್ನು ಬರೆಯಬೇಕು. ಮಕ್ಕಳಿಗೆ ಈಗಾಗಲೇ ತಿಳಿದುದೇನು, ಹೊಸದಾಗಿ ತಿಳಿಸಬೇಕಾದುದೇನು, ಕಪ್ಪು ಹಲಗೆಯ ಮೇಲೆ ಬರೆಯತಕ್ಕದ್ದೇನು, ಕೊನೆಗೆ ಯಾವ ಪ್ರಶ್ನೆಗಳಿಂದ ಪರೀಕ್ಷಿಸಬೇಕು, ಇವೆಲ್ಲವೂ ಅದರಲ್ಲಿ ಇರಬೇಕು. ಹಿರಿಯರು ಅದನ್ನು ನೋಡಿ ತಿದ್ದಿದ ಮೇಲೆ ಪಾಠ. ಅದರಲ್ಲಿಯೂ ವಿಮರ್ಶಾ ಪಾಠವೆಂಬುದು ಬಹು ಕಠಿಣವಾದುದು. ಒಬ್ಬಳು ಮಕ್ಕಳಿಗೆ ಪಾಠ ಹೇಳುವಳು. ಉಳಿದ ಗೆಳತಿಯರೂ ಗುರುಗಳೂ ನೋಡುತ್ತಿರುವರು. ಮಕ್ಕಳು ಹೋದ ಬಳಿಕ ಪ್ರತಿಯೊಬ್ಬರೂ ತಾವು ಕಂಡುದನ್ನು ಮುಚ್ಚುಮರೆಯಿಲ್ಲದೆ ಹೇಳುವರು. ಕೇಳುವವಳಿಗೆ ಅದು ಕಹಿಯಾದ ಕಷಾಯ. ಆದರೆ ಅವಳ ದೋಷವು ಒಂದು ಗಂಟೆಯ ಪಾಠದಲ್ಲಿಯೇ ಸಿಕ್ಕಿಬಿದ್ದರೆ, ಮುಂದೆ ಮೂವತ್ತು ವರ್ಷ ಅವಳ ಕೈಗೆ ಬರುವ ಸಾವಿರಾರು ಮಕ್ಕಳು ಆ ದೋಷದಿಂದ ಪಾರಾಗುವರು. ತರಬೇತಿಯಿಲ್ಲದಲ್ಲಿ ಮಕ್ಕಳ ಮೇಲೆ ಪ್ರಯೋಗ ನಡೆಯುವುದಿಲ್ಲವೆಂದಲ್ಲ. ಅದು ವರ್ಷಗಟ್ಟಲೆ, ನೋಡುವವರಿಲ್ಲದೆ, ತಿದ್ದುವವರಿಲ್ಲದೆ ನಡೆಯುವುದು.

ಮಿಸ್ ಹ್ಯೂಸ್‌ರವರು ತಮ್ಮ ಕಾಲೇಜಿನಲ್ಲಿ ನಿಯಮಗಳ ದೊಡ್ಡ ಪಟ್ಟಿಯನ್ನು ತೂಗುಹಾಕಲಿಲ್ಲ. ವಿದ್ಯಾರ್ಥಿನಿಯರು ತಮ್ಮನ್ನು ತಾವೇ ಆಳಿಕೊಳ್ಳಬೇಕೆಂಬುದು ಅವರ ಅಭಿಮತ. ನಾಳೆ ಒಂದು ತರಗತಿಯನ್ನು ನಡೆಸಬೇಕಾದವಳು ಇಂದು ತನ್ನ ದಿನವನ್ನೇ ನಡೆಸಿಕೊಳ್ಳಲಾರದಿದ್ದರೆ ಆ ತರಬೇತಿಯಿಂದ ಫಲವೇನು? ಶಿಷ್ಯೆಯರನ್ನು ಮಕ್ಕಳಂತೆ ಕಾಣದೆ ಜೊತೆಗಾರರಂತೆ ಕಂಡುದರಿಂದಲೇ, ಆ ಇಕ್ಕಟ್ಟಾದ ಮನೆಗಳ ವಾಸವು ಅವರಿಗೆ ಪ್ರಿಯವಾಯಿತು.

ಆ ಮೊದಲ 14 ಮಂದಿಯಲ್ಲಿ ಮೇರಿ ವಿವಿಯನ್ ಥಾಮಸ್ ಎಂಬ ತರುಣಿಯೊಬ್ಬಳು ಇದ್ದಳು. ಅವಳು ಮಿಸ್ ಬಸ್‌ರವರ ಶಾಲೆಯ ವಿದ್ಯಾರ್ಥಿನಿ. 1892ರಲ್ಲಿ ಲಂಡನ್ನಿನ ಬೆಡ್‌ಫರ್ಡ್ ಕಾಲೇಜಿನಲ್ಲಿ ಉಪಾಧ್ಯಾಯಿನಿಯರ ತರಬೇತಿ ವಿಭಾಗವು ಹುಟ್ಟಿದಾಗ ಅದರ ಮುಖ್ಯಸ್ಥೆಯಾದವಳು ಅವಳೇ. ಆ ಪುಟ್ಟ ಮನೆಗಳ ದಿನಗಳನ್ನು ಅವಳು ಮುದಿವಯಸ್ಸಿನಲ್ಲಿ ಬರೆದ ಆತ್ಮಕಥೆಯಲ್ಲಿ ಸ್ಮರಿಸಿರುವಳು. ಒಂದು ದೀಪದಿಂದ ಇನ್ನೊಂದು ದೀಪವು ಹೀಗೆ ಹತ್ತಿತು.

ಏಷ್ಯಾ ಖಂಡಕ್ಕೂ ಈ ಬೆಳಕು ಮುಟ್ಟಿತು. ಜಪಾನಿನ ಯಾಸುಯಿ ತೆತ್ಸು ಎಂಬ ಉಪಾಧ್ಯಾಯಿನಿಯು 1897ರಲ್ಲಿ ಇಂಗ್ಲೆಂಡಿಗೆ ಬಂದು ಮಿಸ್ ಹ್ಯೂಸ್‌ರವರ ಬಳಿ ಕಲಿತಳು. ಅವಳು ಮುಂದೆ ಸಯಾಮ್ ದೇಶದ ಬ್ಯಾಂಕಾಕ್ ನಗರದಲ್ಲಿ ಬಾಲಕಿಯರ ಶಾಲೆಯನ್ನು ನಡೆಸಿ, 1923ರಲ್ಲಿ ಟೋಕಿಯೊ ನಗರದ ಕ್ರೈಸ್ತ ಮಹಿಳಾ ಮಹಾವಿದ್ಯಾಲಯದ ಅಧ್ಯಕ್ಷೆಯಾದಳು. ಗುರುವಿನ ಕೀರ್ತಿಯನ್ನು ದೂರ ದೇಶದಲ್ಲಿ ಬೆಳಗಿದ ಶಿಷ್ಯೆಯರಲ್ಲಿ ಇವಳು ಗಣ್ಯಳು.

ಕಾಲೇಜು ಬೆಳೆಯಿತು. ಕೇಂಬ್ರಿಜ್‌ನಲ್ಲಿ ಪುರುಷರಿಗಾಗಿ ಇಂತಹ ಕಾಲೇಜು ಬಂದುದು 1891ರಲ್ಲಿ. ಈ ಒಂದು ವಿಷಯದಲ್ಲಿ ಸ್ತ್ರೀಯರೇ ಅಲ್ಲಿ ಆರು ವರ್ಷ ಮುಂದೆ ಇದ್ದರು. 1895ರಲ್ಲಿ ಮಿಸ್ ಹ್ಯೂಸ್‌ರವರ ಕಾಲೇಜಿಗೆ ಸ್ವಂತ ಕಟ್ಟಡವು ಸಿದ್ಧವಾಯಿತು. ಹದಿನಾಲ್ಕು ವರ್ಷಗಳ ಎಡೆಬಿಡದ ದುಡಿಮೆಯ ಬಳಿಕ, 1899ರಲ್ಲಿ, ಅವರು ಆ ಪದವಿಯಿಂದ ನಿವೃತ್ತರಾದರು.

ನಿವೃತ್ತಿಯೆಂದರೆ ಅವರಿಗೆ ವಿಶ್ರಾಂತಿಯಾಗಿರಲಿಲ್ಲ. ವೇಲ್ಸ್ ವಿಶ್ವವಿದ್ಯಾನಿಲಯದ ಸನ್ನದನ್ನು ಸಿದ್ಧಪಡಿಸಿದ ಸಮಿತಿಯಲ್ಲಿ ಅವರು ಮೊದಲೇ ಏಕಮಾತ್ರ ಸ್ತ್ರೀಸದಸ್ಯರಾಗಿ ದುಡಿದಿದ್ದರು. 1901ರಲ್ಲಿ ಜಪಾನಿಗೆ ಪ್ರಯಾಣ ಮಾಡಿ ಅಲ್ಲಿಯ ವಿದ್ಯಾಭ್ಯಾಸ ಕ್ರಮವನ್ನು ಕಂಡು, ಉಪನ್ಯಾಸಗಳನ್ನು ಕೊಟ್ಟರು. ಸ್ವದೇಶಕ್ಕೆ ಹಿಂದಿರುಗಿ, ವೇಲ್ಸಿನ ಬ್ಯಾರಿ ಎಂಬ ಊರಿನಲ್ಲಿ ನೆಲಸಿ, ಅಲ್ಲಿ 1914ರಲ್ಲಿ ತೆರೆದ ಉಪಾಧ್ಯಾಯಿನಿಯರ ಟ್ರೈನಿಂಗ್ ಕಾಲೇಜಿನ ಸ್ಥಾಪನೆಗೆ ನೆರವಾದರು. ಮೊದಲನೆಯ ಮಹಾಯುದ್ಧದಲ್ಲಿ ಅದೇ ಊರಿನ ರೆಡ್‌ಕ್ರಾಸ್ ಆಸ್ಪತ್ರೆಯ ಮೇಲ್ವಿಚಾರಣೆಯನ್ನು ಹೊತ್ತರು. 1920ರಲ್ಲಿ ವೇಲ್ಸ್ ವಿಶ್ವವಿದ್ಯಾನಿಲಯವು ಅವರಿಗೆ ಗೌರವ ಡಾಕ್ಟರ್ ಪದವಿಯನ್ನಿತ್ತು ಸನ್ಮಾನಿಸಿತು. 1925ರ ಡಿಸೆಂಬರ್ ತಿಂಗಳಿನಲ್ಲಿ, ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಈ ಸಾರ್ಥಕ ಜೀವನವು ಮುಗಿಯಿತು. 1949ರಲ್ಲಿ ಕೇಂಬ್ರಿಜ್‌ನ ಆ ಕಾಲೇಜಿಗೆ ಅವರ ಹೆಸರನ್ನೇ ಇಟ್ಟು ಹ್ಯೂಸ್ ಹಾಲ್ ಎಂದು ಕರೆದರು.

ಈ ಚರಿತ್ರೆಗೂ ನಮಗೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ನಮ್ಮ ದೇಶದಲ್ಲಿಯೂ 1856ರಷ್ಟು ಹಿಂದೆಯೇ ಮದ್ರಾಸಿನಲ್ಲಿ ಉಪಾಧ್ಯಾಯರ ನಾರ್ಮಲ್ ಶಾಲೆಯು ಆರಂಭವಾಗಿ, ಮುಂದೆ ಸೈದಾಪೇಟೆಯ ಟೀಚರ್ಸ್ ಕಾಲೇಜಾಗಿ ಹೆಸರಾಯಿತು. ತೆಂಕಣ ಕನ್ನಡ ಜಿಲ್ಲೆಯು ಆಗ ಮದ್ರಾಸ್ ಪ್ರಾಂತಕ್ಕೆ ಸೇರಿದ್ದುದರಿಂದ ಆ ವಿದ್ಯಾಲಯವು ನಮ್ಮ ನಾಡಿಗೂ ಹೊರತಾದುದಲ್ಲ. ಇನ್ನು 2014ರಲ್ಲಿ ಉಪಾಧ್ಯಾಯ ಶಿಕ್ಷಣದ ರಾಷ್ಟ್ರೀಯ ಪರಿಷತ್ತು ಹೊರಡಿಸಿದ ನಿಯಮಗಳು ಬಿ.ಎಡ್. ವ್ಯಾಸಂಗವನ್ನು ಎರಡು ವರ್ಷಕ್ಕೆ ಏರಿಸಿ, ಅದರಲ್ಲಿ 20 ವಾರಗಳು ಶಾಲೆ ಮುಂತಾದ ಕ್ಷೇತ್ರಗಳಲ್ಲಿಯೇ ಕಳೆಯಬೇಕೆಂದು ವಿಧಿಸಿದವು. ಆದರೆ ಬೋಧನೆಯು ವಾರಗಳ ಲೆಕ್ಕದಿಂದ ಮಾತ್ರ ಬರುವುದಿಲ್ಲ. ಅಭ್ಯಾಸಕ್ಕೆ ಬಂದವಳನ್ನು ರಜೆಯಲ್ಲಿರುವ ಉಪಾಧ್ಯಾಯಿನಿಯ ಸ್ಥಾನದಲ್ಲಿ ಕೂರಿಸಿ ಕೈ ತೊಳೆದುಕೊಂಡರೆ, ಅಥವಾ ಒಂದು ಪಾಠವನ್ನೂ ನೋಡದೆ ಟಿಪ್ಪಣಿಯ ಪುಸ್ತಕಕ್ಕೆ ರುಜು ಹಾಕಿಬಿಟ್ಟರೆ, ಇಪ್ಪತ್ತು ವಾರಗಳು ಇಪ್ಪತ್ತು ದಿನಗಳಿಗೂ ಸಮವಾಗಲಾರವು. ಎರವಲು ಕೊಡುವ ಶಾಲೆಯು ತರಗತಿಯೊಡನೆ ತನ್ನ ಕಣ್ಣನ್ನೂ ಕಿವಿಯನ್ನೂ ಕೊಡಬೇಕು.

ಆದುದರಿಂದ ನಮ್ಮ ಹಿರಿಯ ಉಪಾಧ್ಯಾಯಿನಿಯರಲ್ಲಿ ನಮ್ಮ ಬಿನ್ನಹವಿಷ್ಟೆ: ಹೊಸಬಳು ನಿಮ್ಮ ತರಗತಿಗೆ ಬಂದಾಗ ನೀವು ಹೊರಗೆ ಹೋಗದೆ ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳಿರಿ, ಕಂಡ ದೋಷವನ್ನು ಮಕ್ಕಳ ಎದುರಿಗಲ್ಲದೆ, ಆಮೇಲೆ, ಅಕ್ಕನು ತಂಗಿಗೆ ಹೇಳುವಂತೆ ಹೇಳಿರಿ. ಪ್ರಿಯ ಬಾಲಕಿಯರೇ, ಹಲಗೆಯ ಮುಂದೆ ನಡುಗುವ ಕೈಯಿಂದ ಬರೆಯುವ ಆ ತರುಣಿಯನ್ನು ಕಂಡು ನಗಬೇಡಿರಿ. ನೀವು ಅವಳಿಗೆ ಕೊಡುವ ಗಮನವೇ ಅವಳ ಪಠ್ಯಪುಸ್ತಕ. ನಿಮ್ಮಿಂದ ಅವಳು ಕಲಿತುದನ್ನು ನೀವು ಎಂದೂ ಕಾಣದ ಊರುಗಳ, ಎಂದೂ ಕಾಣದ ಮಕ್ಕಳು ಪಡೆಯುವರು. ನಿಮ್ಮಲ್ಲಿ ಕೆಲವರು ಮುಂದೆ ಅದೇ ಟಿಪ್ಪಣಿಯ ಪುಸ್ತಕವನ್ನು ಹಿಡಿದು ಇಂತಹ ಒಂದು ತರಗತಿಯ ಬಾಗಿಲಲ್ಲಿ ನಿಲ್ಲುವಿರಿ. ಅಂದು ನಿಮ್ಮ ಎದುರಿಗಿರುವ ಮಕ್ಕಳು ನಿಮ್ಮನ್ನು ಹೇಗೆ ಕಾಣಬೇಕೆಂದು ಬಯಸುವಿರೋ, ಹಾಗೆಯೇ ಇಂದು ಅವಳನ್ನು ಕಾಣಿರಿ.