ಸವಕಳಿಯ ಲೆಕ್ಕಕ್ಕೆ ಸಿಗದ ಎಂಜೊ ಫೆರಾರಿ

ವಾಣಿಜ್ಯ ವಿಭಾಗದ ನಮಗೆಲ್ಲ ಸವಕಳಿ ಎಂಬ ಪಾಠ ಚೆನ್ನಾಗಿ ಗೊತ್ತು. ಯಂತ್ರ, ಪೀಠೋಪಕರಣ, ಮೋಟಾರು ಕಾರು, ಇವುಗಳ ಮೌಲ್ಯ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಕೊನೆಗೆ ಉಳಿಯುವುದು ಗುಜರಿ ಮೌಲ್ಯ ಮಾತ್ರ. ನಾನೂ ಹಾಗೆಯೇ ನಂಬಿದ್ದೆ. ಆದರೆ 2018ರ ಆಗಸ್ಟ್ ತಿಂಗಳಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನಡೆದ ಒಂದು ಹರಾಜಿನ ವಿಷಯ ಓದಿದಾಗ ತಲೆ ತಿರುಗಿತು. 1962ರಲ್ಲಿ ತಯಾರಾದ ಫೆರಾರಿ 250 ಜಿಟಿಒ ಎಂಬ ಕಾರು ಅಲ್ಲಿ 4 ಕೋಟಿ 84 ಲಕ್ಷ ಡಾಲರಿಗೆ ಮಾರಾಟವಾಯಿತು. ಅಂದಿನ ದರದಲ್ಲಿ ಸುಮಾರು 340 ಕೋಟಿ ರೂಪಾಯಿ! ಹೊಸದಾಗಿದ್ದಾಗ ಅಮೆರಿಕದಲ್ಲಿ ಅದರ ಬೆಲೆ ಸುಮಾರು 18,000 ಡಾಲರ್. ಅಂದರೆ 56 ವರ್ಷಗಳಲ್ಲಿ ಸುಮಾರು 2,700 ಪಟ್ಟು ಏರಿಕೆ. ಈ ಕಾರನ್ನು ಮಾಡಿಸಿದ ಮನುಷ್ಯ ಯಾರು, ಅವರ ಬದುಕು ಹೇಗಿತ್ತು ಎಂದು ಹುಡುಕುತ್ತಾ ಹೋದಾಗ ನನಗೆ ಸಿಕ್ಕವರು ಎಂಜೊ ಫೆರಾರಿ.

ಎಂಜೊ ಅವರು 1898ರ ಫೆಬ್ರವರಿ 18ರಂದು ಇಟಲಿಯ ಮೊಡೆನಾ ಪಟ್ಟಣದಲ್ಲಿ ಹುಟ್ಟಿದರು. ಆ ದಿನಗಳಲ್ಲಿ ಎಷ್ಟು ಹಿಮ ಬಿದ್ದಿತ್ತೆಂದರೆ ಜನನ ನೋಂದಣಿ ಎರಡು ದಿನ ತಡವಾಯಿತಂತೆ. ತಂದೆಗೆ ಲೋಹದ ಕೆಲಸ ಮಾಡುವ ಸಣ್ಣ ಕಾರ್ಖಾನೆ ಇತ್ತು. ಹತ್ತು ವರ್ಷದ ಹುಡುಗನಾಗಿದ್ದಾಗ ತಂದೆ ಬೊಲೋನ್ಯಾದಲ್ಲಿ ಕಾರ್ ರೇಸ್ ತೋರಿಸಿದರು. ಅಂದಿನಿಂದ ಅವರಿಗೆ ಅದೇ ಹುಚ್ಚು.

ಆದರೆ 1916ರಲ್ಲಿ ಮನೆಯ ಮೇಲೆ ಸಿಡಿಲು ಬಡಿಯಿತು. ಒಂದೇ ವರ್ಷದಲ್ಲಿ ತಂದೆಯೂ ಅಣ್ಣನೂ ತೀರಿಕೊಂಡರು. ತಂದೆಯ ಕಾರ್ಖಾನೆ ಮುಚ್ಚಿತು. ಎಂಜೊಗೆ ಆಗ ಹದಿನೆಂಟು ವರ್ಷ, ಅಂದರೆ ಹೆಚ್ಚು ಕಡಿಮೆ ನಮ್ಮದೇ ವಯಸ್ಸು. ಕೈಯಲ್ಲಿ ದೊಡ್ಡ ವಿದ್ಯೆ ಇಲ್ಲ. ಮೊದಲ ಮಹಾಯುದ್ಧದಲ್ಲಿ ಸೈನ್ಯಕ್ಕೆ ಸೇರಿದಾಗ ಅವರಿಗೆ ಕೊಟ್ಟ ಕೆಲಸ ಹೇಸರಗತ್ತೆಗಳಿಗೆ ಲಾಳ ಹೊಡೆಯುವುದು. ಅಲ್ಲಿಯೂ ಕಾಯಿಲೆ ಬಿದ್ದು ಸಾವಿನ ಬಾಗಿಲಿನಿಂದ ಹಿಂದಿರುಗಿದರು.

ಯುದ್ಧ ಮುಗಿದ ಮೇಲೆ ಟ್ಯೂರಿನ್ ನಗರದ ಫಿಯಟ್ ಕಂಪನಿಗೆ ಕೆಲಸ ಕೇಳಿಕೊಂಡು ಹೋದರು. ಕಂಪನಿ ಬೇಡವೆಂದಿತು. ಚಳಿಗಾಲದ ಆ ದಿನ ಅವರು ಉದ್ಯಾನದ ಬೆಂಚಿನ ಮೇಲೆ ಒಬ್ಬರೇ ಕುಳಿತು ಅತ್ತರೆಂದು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಫಿಯಟ್ ಎಂಬ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಮತ್ತೆ ಬರುತ್ತದೆ.

ಆಮೇಲೆ ಬೇರೊಂದು ಸಣ್ಣ ಕಂಪನಿಯಲ್ಲಿ ಕೆಲಸ ಸಿಕ್ಕಿತು. 1920ರಲ್ಲಿ ಆಲ್ಫಾ ರೋಮಿಯೊ ಸೇರಿ ಅದರ ರೇಸ್ ಚಾಲಕರಾದರು. ಚಾಲಕರಾಗಿ ಅವರು ಒಳ್ಳೆಯವರೇ, ಆದರೆ ಅತಿ ಶ್ರೇಷ್ಠರಲ್ಲ. ಅವರ ನಿಜವಾದ ಪ್ರತಿಭೆ ಜನರನ್ನು ಒಟ್ಟುಗೂಡಿಸಿ ಕೆಲಸ ತೆಗೆಯುವುದರಲ್ಲಿತ್ತು. 1929ರಲ್ಲಿ ಮೊಡೆನಾದಲ್ಲಿ ಸ್ಕುಡೆರಿಯಾ ಫೆರಾರಿ ಎಂಬ ರೇಸ್ ತಂಡ ಕಟ್ಟಿದರು. ಆಗ ಅವರು ಕಾರು ತಯಾರಿಸುತ್ತಿರಲಿಲ್ಲ, ಆಲ್ಫಾ ಕಾರುಗಳನ್ನೇ ಓಡಿಸುತ್ತಿದ್ದರು. ಹಿಂಗಾಲ ಮೇಲೆ ನಿಂತ ಕಪ್ಪು ಕುದುರೆ ಮೊದಲಿಗೆ ಯುದ್ಧದಲ್ಲಿ ಮಡಿದ ಇಟಲಿಯ ವಿಮಾನ ಚಾಲಕ ಫ್ರಾನ್ಸೆಸ್ಕೊ ಬರಾಕಾ ಅವರ ಗುರುತು. ಆ ವೀರನ ತಾಯಿಯೇ ಅದನ್ನು ಬಳಸಲು ಎಂಜೊಗೆ ಹೇಳಿದರು. ಎಂಜೊ ಅದಕ್ಕೆ ತಮ್ಮ ಊರು ಮೊಡೆನಾದ ಹಳದಿ ಬಣ್ಣವನ್ನು ಹಿನ್ನೆಲೆಯಾಗಿ ಸೇರಿಸಿದರು.

1939ರಲ್ಲಿ ಆಲ್ಫಾದವರ ಜೊತೆ ಮನಸ್ತಾಪವಾಗಿ ಹೊರಬಂದರು. ನಾಲ್ಕು ವರ್ಷ ಫೆರಾರಿ ಎಂಬ ಹೆಸರನ್ನು ರೇಸಿನಲ್ಲಿ ಬಳಸಬಾರದು ಎಂಬುದು ಕರಾರು. ಯೋಚಿಸಿ ನೋಡಿ, ಒಬ್ಬ ಮನುಷ್ಯನಿಗೆ ತನ್ನ ಹೆಸರೇ ತನಗೆ ನಿಷಿದ್ಧ. ನಮ್ಮ ಪುಸ್ತಕದಲ್ಲಿ ಗುಡ್‌ವಿಲ್ ಎಂಬ ಅಗೋಚರ ಆಸ್ತಿಯ ಬಗ್ಗೆ ಓದುತ್ತೇವಲ್ಲ, ಹೆಸರಿಗೂ ಬೆಲೆ ಇದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಎರಡನೇ ಮಹಾಯುದ್ಧದ ಸಮಯದಲ್ಲಿ ಕಾರ್ಖಾನೆಯನ್ನು ಮರನೆಲ್ಲೊ ಎಂಬ ಊರಿಗೆ ಸಾಗಿಸಿದರು. ಅದರ ಮೇಲೂ ಬಾಂಬ್ ಬಿದ್ದಿತು. ಮತ್ತೆ ಕಟ್ಟಿದರು. 1947ರಲ್ಲಿ ಅವರ ಸ್ವಂತ ಹೆಸರಿನ ಮೊದಲ ಕಾರು 125 ಎಸ್ ಕಾರ್ಖಾನೆಯ ಬಾಗಿಲಿನಿಂದ ಹೊರಬಂತು. ಆಗ ಅವರಿಗೆ 49 ವರ್ಷ. ನಾಲ್ಕು ವರ್ಷಗಳ ನಂತರ ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ ಅವರ ಕಾರು ತಮ್ಮ ಹಳೆಯ ಆಲ್ಫಾವನ್ನೇ ಸೋಲಿಸಿ ಫಾರ್ಮುಲಾ ಒನ್‌ನಲ್ಲಿ ಮೊದಲ ಗೆಲುವು ಪಡೆಯಿತು.

ಎಂಜೊ ಅವರ ವ್ಯಾಪಾರ ವಿಚಿತ್ರವಾಗಿತ್ತು. ಬೇರೆ ಕಂಪನಿಗಳು ಕಾರು ಮಾರುವುದಕ್ಕಾಗಿ ರೇಸ್ ಮಾಡುತ್ತಿದ್ದವು. ಇವರು ರೇಸ್ ಖರ್ಚಿಗಾಗಿ ಕಾರು ಮಾರುತ್ತಿದ್ದರು. ಬೇಡಿಕೆ ಎಷ್ಟಿದ್ದರೂ ಅದಕ್ಕಿಂತ ಕಡಿಮೆಯೇ ತಯಾರಿಸುತ್ತಿದ್ದರು. ಹಳೆಯ ಕಾರುಗಳ ಮೇಲೆ ಅವರಿಗೆ ಮೋಹ ಇರಲಿಲ್ಲ. ಋತು ಮುಗಿದ ಮೇಲೆ ರೇಸ್ ಕಾರನ್ನು ಮಾರಿಬಿಡುವುದು, ಇಲ್ಲವೆ ಬಿಚ್ಚಿ ಅದರ ಭಾಗಗಳನ್ನು ಮುಂದಿನ ಕಾರಿಗೆ ಬಳಸುವುದು, ಇದೇ ಅವರ ಕ್ರಮ. ಇಂದು ಕೋಟಿಗಟ್ಟಲೆ ಬಾಳುವ ಎಷ್ಟೋ ಕಾರುಗಳು ಹೀಗೆ ಅವರದೇ ಅಂಗಳದಲ್ಲಿ ಬಿಡಿಭಾಗಗಳಾದವು.

ಈಗ 250 ಜಿಟಿಒ ಕಥೆಗೆ ಬರುತ್ತೇನೆ. ಅದರ ಎಂಜಿನ್ನಿನಲ್ಲಿ 12 ಸಿಲಿಂಡರ್, ಒಂದೊಂದು ಸುಮಾರು 250 ಸಿಸಿ, ಒಟ್ಟು 3 ಲೀಟರ್. ಹೆಸರಿನ 250 ಬಂದದ್ದು ಹೀಗೆ. ರೇಸ್ ನಿಯಮದಂತೆ ಆ ವರ್ಗದಲ್ಲಿ ಓಡಬೇಕಾದರೆ ಕನಿಷ್ಠ 100 ಕಾರು ತಯಾರಿಸಬೇಕಿತ್ತು. ಇದು ಹೊಸ ಕಾರಲ್ಲ, ಹಳೆಯ 250 ಜಿಟಿಗೆ ಹೊಸ ಮೈ ಅಷ್ಟೇ ಎಂದು ಫೆರಾರಿಯವರು ವಾದಿಸಿದರು, ಅಧಿಕಾರಿಗಳು ಒಪ್ಪಿದರು. 1962ರಿಂದ 1964ರವರೆಗೆ ತಯಾರಾದದ್ದು 36 ಕಾರುಗಳು ಮಾತ್ರ. ಮೂರು ವರ್ಷವೂ ತನ್ನ ವರ್ಗದಲ್ಲಿ ಚಾಂಪಿಯನ್ ಆಯಿತು. ಆಮೇಲೆ ಹೊಸ ಕಾರುಗಳು ಬಂದವು, ಇದು ಹಳೆಯ ಸಾಮಾನಾಯಿತು. ಒಂದು ಜಿಟಿಒವನ್ನು ಅಮೆರಿಕದ ಟೆಕ್ಸಸ್‌ನ ಒಂದು ಹೈಸ್ಕೂಲಿಗೆ ದಾನ ಕೊಟ್ಟರು! ನಮ್ಮಂಥ ಹುಡುಗರು ಮೆಕ್ಯಾನಿಕ್ ಕೆಲಸ ಕಲಿಯಲು ಅದನ್ನು ಇಟ್ಟುಕೊಂಡಿದ್ದರು.

ಅದೇ ಕಾಲದಲ್ಲಿ ಅಮೆರಿಕದ ಪಾಂಟಿಯಾಕ್ ಕಂಪನಿ ಜಿಟಿಒ ಎಂಬ ಮೂರು ಅಕ್ಷರಗಳನ್ನು ಫೆರಾರಿಯಿಂದ ಎತ್ತಿಕೊಂಡು 1964ರಲ್ಲಿ ತನ್ನ ಕಾರಿಗೆ ಇಟ್ಟಿತು. ಮಧ್ಯಮ ಗಾತ್ರದ ಕಾರಿನಲ್ಲಿ 6.4 ಲೀಟರಿನ ದೈತ್ಯ ಎಂಜಿನ್, ಯುವಕರ ಕೈಗೆ ಎಟುಕುವ ಬೆಲೆ. ಮೊದಲ ವರ್ಷವೇ 32,450 ಮಾರಾಟವಾದವು. ಮಸಲ್ ಕಾರುಗಳ ಯುಗ ಶುರುವಾದದ್ದು ಇದರಿಂದಲೇ ಎನ್ನುತ್ತಾರೆ. ದುಬಾರಿ ವಿಮೆ, ಮಾಲಿನ್ಯ ನಿಯಮ ಮತ್ತು 1973ರ ತೈಲದ ಅಭಾವ ಸೇರಿ ಆ ಯುಗವನ್ನು ಮುಗಿಸಿದವು. ಇಂದು ಆ ಕಾರುಗಳಿಗೂ ಸಂಗ್ರಹಕಾರರು ಮುಗಿಬೀಳುತ್ತಾರೆ. ಆದರೆ ಹೆಸರು ಒಂದೇ ಆದರೂ ಪಾಂಟಿಯಾಕ್ ಜಿಟಿಒ ಬೆಲೆ ಫೆರಾರಿ ಜಿಟಿಒ ಬೆಲೆಯ ನೂರನೇ ಒಂದು ಭಾಗಕ್ಕೂ ಬರುವುದಿಲ್ಲ. ಒಂದು ಕಡೆ 36, ಇನ್ನೊಂದು ಕಡೆ ಸಾವಿರಾರು. ಮಸಲ್ ಕಾರುಗಳಲ್ಲೂ ಡಜನ್ ಲೆಕ್ಕದಲ್ಲಿ ತಯಾರಾದವಕ್ಕೇ ಹೆಚ್ಚು ಬೆಲೆ. 1971ರ ಪ್ಲಿಮತ್ ಹೆಮಿ ಕುಡಾ ತೆರೆದ ಕಾರು 2014ರಲ್ಲಿ 35 ಲಕ್ಷ ಡಾಲರಿಗೆ ಹೋಯಿತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಹಳೆಯ ಜಿಟಿಒ ಶಕ್ತಿ ಸುಮಾರು 300 ಕುದುರೆ. ಇಂದಿನ ಫೆರಾರಿ 296 ಜಿಟಿಬಿಗೆ 830. ಹೊಸ ಕಾರು ಹೆಚ್ಚು ವೇಗ, ಹೆಚ್ಚು ಸುರಕ್ಷಿತ. ಏರ್‌ಬ್ಯಾಗ್, ಎಬಿಎಸ್ ಬ್ರೇಕ್ ಎಲ್ಲವೂ ಇವೆ. ಆದರೂ ಒಂದು ಹಳೆಯ ಜಿಟಿಒ ಹಣದಲ್ಲಿ ಇಂಥ ನೂರಕ್ಕಿಂತ ಹೆಚ್ಚು ಹೊಸ ಕಾರು ಬರುತ್ತವೆ. ಅರ್ಥಶಾಸ್ತ್ರದ ಉತ್ತರ ಸರಳ: ಹೊಸ ಕಾರನ್ನು ಕಾರ್ಖಾನೆ ನಾಳೆಯೂ ಮಾಡಬಹುದು, 37ನೇ ಜಿಟಿಒ ಮಾತ್ರ ಯಾವ ಬೆಲೆಗೂ ತಯಾರಾಗುವುದಿಲ್ಲ. ಪೂರೈಕೆಯ ರೇಖೆ ಕಂಬದಂತೆ ನೆಟ್ಟಗೆ ನಿಂತಿದೆ. ಆದರೆ ಬೇಡಿಕೆ ಎಲ್ಲಿಂದ ಬಂತು? ಅದು ಎಂಜೊ ಅವರ ಬದುಕಿನಿಂದ ಬಂತು ಎಂಬುದು ನನ್ನ ಅಭಿಪ್ರಾಯ.

ಆ ಬದುಕಿನಲ್ಲಿ ಗೆಲುವಿಗಿಂತ ನೋವು ಕಡಿಮೆ ಇರಲಿಲ್ಲ. ಅವರ ಪ್ರೀತಿಯ ಮಗ ಡಿನೊ ಸ್ನಾಯು ಕ್ಷೀಣಿಸುವ ಕಾಯಿಲೆಯಿಂದ 1956ರಲ್ಲಿ 24ನೇ ವಯಸ್ಸಿಗೇ ತೀರಿಕೊಂಡ. ಸಾವಿರಾರು ಭಾಗ ಬಿಚ್ಚಿ ಜೋಡಿಸಬಲ್ಲ ತಂದೆಗೆ ಮಗನ ದೇಹವನ್ನು ಸರಿ ಮಾಡಲಾಗಲಿಲ್ಲ. ಮರುವರ್ಷ ಮಿಲ್ಲೆ ಮಿಲ್ಯಾ ಎಂಬ ರಸ್ತೆ ರೇಸಿನಲ್ಲಿ ಫೆರಾರಿ ಕಾರಿನ ಟೈರ್ ಒಡೆದು ಚಾಲಕ, ಅವರ ಜೊತೆಗಾರ ಮತ್ತು ದಾರಿ ಬದಿ ನಿಂತಿದ್ದ ಒಂಬತ್ತು ಜನ ಸತ್ತರು. ಒಂಬತ್ತರಲ್ಲಿ ಐವರು ಮಕ್ಕಳು. ಎಂಜೊ ಮೇಲೆ ಮೊಕದ್ದಮೆ ನಡೆಯಿತು, 1961ರಲ್ಲಿ ಬಿಡುಗಡೆಯಾದರು. ಕಾನೂನು ಬಿಟ್ಟಿತು, ಆದರೂ ಈ ಭಾಗ ಓದಿದ ಮೇಲೆ ಅವರನ್ನು ಸುಮ್ಮನೆ ಮೆಚ್ಚಿಕೊಳ್ಳಲು ನನಗೆ ಆಗಲಿಲ್ಲ. ವೇಗಕ್ಕೆ ಇಷ್ಟು ಬೆಲೆ ಕೊಡಬೇಕಿತ್ತೇ?

1963ರಲ್ಲಿ ಅಮೆರಿಕದ ಫೋರ್ಡ್ ಕಂಪನಿಯನ್ನೇ ಕೊಳ್ಳಲು ಬಂತು. ರೇಸ್ ವಿಭಾಗದ ಹಿಡಿತ ಕೈತಪ್ಪುತ್ತದೆ ಎಂದು ಗೊತ್ತಾದ ಕೂಡಲೇ ಎಂಜೊ ಮಾತುಕತೆ ಮುರಿದರು. ಆ ಸಿಟ್ಟಿಗೆ ಫೋರ್ಡ್ 1966ರಲ್ಲಿ ಲೆ ಮಾನ್ಸ್ ರೇಸಿನ ಮೊದಲ ಮೂರು ಸ್ಥಾನವನ್ನೂ ಗೆದ್ದಿತು. 1969ರಲ್ಲಿ ಹಣದ ಮುಗ್ಗಟ್ಟಿನಿಂದ ಕಂಪನಿಯ ಅರ್ಧ ಪಾಲನ್ನು ಮಾರಲೇಬೇಕಾಯಿತು. ಕೊಂಡವರು ಯಾರು ಗೊತ್ತೇ? ಹಿಂದೊಮ್ಮೆ ಕೆಲಸ ಕೊಡದೆ ಕಳುಹಿಸಿದ ಅದೇ ಫಿಯಟ್. ಆಗಲೂ ರೇಸ್ ವಿಭಾಗವನ್ನು ಎಂಜೊ ತಮ್ಮ ಕೈಯಲ್ಲೇ ಉಳಿಸಿಕೊಂಡರು.

1988ರ ಆಗಸ್ಟ್ 14ರಂದು, 90ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಒಂದು ತಿಂಗಳೊಳಗೆ ಇಟಲಿಯ ಮೊಂಝಾ ರೇಸಿನಲ್ಲಿ ಫೆರಾರಿಯ ಎರಡು ಕಾರುಗಳು ಮೊದಲೆರಡು ಸ್ಥಾನ ಪಡೆದವು. ಆ ವರ್ಷದ 16 ರೇಸುಗಳಲ್ಲಿ ಮೆಕ್‌ಲಾರೆನ್ ತಂಡ ಸೋತದ್ದು ಅದೊಂದರಲ್ಲೇ. ಇತ್ತ ಮಾರುಕಟ್ಟೆಯಲ್ಲಿ ಹಳೆಯ ಫೆರಾರಿಗಳ ಬೆಲೆ ಹುಚ್ಚೆದ್ದು ಏರಿತು. ಕಾರನ್ನು ಓಡಿಸುವ ಆಸೆಯಿಲ್ಲದವರೂ ಮರುಮಾರಾಟದ ಲಾಭಕ್ಕಾಗಿ ಕೊಂಡರು. 1990ರ ದಶಕದ ಆರಂಭದಲ್ಲಿ ಬೆಲೆ ಕುಸಿದಾಗ ಅವರಲ್ಲಿ ಅನೇಕರು ಕೈ ಸುಟ್ಟುಕೊಂಡರು. ಮತ್ತೆ ಏರಲು ವರ್ಷಗಳೇ ಬೇಕಾದವು. ಅಪರೂಪದ ವಸ್ತುವೂ ಸಟ್ಟಾ ವ್ಯಾಪಾರಕ್ಕೆ ಸಿಕ್ಕರೆ ಮುಳುಗಿಸಬಲ್ಲದು ಎಂಬುದನ್ನು ವಾಣಿಜ್ಯ ವಿದ್ಯಾರ್ಥಿಗಳಾದ ನಾವು ಮರೆಯಬಾರದು.

ನಮ್ಮ ಅಬ್ಬಾಗೆ 340 ಕೋಟಿಯ ಸುದ್ದಿ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು, ಅದರಲ್ಲಿ ಆ ಎಂಜೊ ಅವರಿಗೆ ಎಷ್ಟು ಸಿಕ್ಕಿತು ಎಂದು. ಏನೂ ಇಲ್ಲ. ಅವರಿಗೆ ಸಿಕ್ಕಿದ್ದು 1962ರ ಬೆಲೆ, ಅದೂ ಮುಂದಿನ ರೇಸಿಗೆ ಖರ್ಚಾಗಿ ಹೋಯಿತು. ಉಳಿದ ಏರಿಕೆಯೆಲ್ಲ ಕೈಯಿಂದ ಕೈಗೆ ಮಾರಿದವರ ಪಾಲು. ಕೆಲಸ ಸಿಗದೆ ಬೆಂಚಿನ ಮೇಲೆ ಅತ್ತ ಹುಡುಗ ತನ್ನ ಹೆಸರನ್ನು ಮೂವತ್ತು ವರ್ಷ ದುಡಿದು ಕಟ್ಟಿದ. ಕಾರಿಗೆ ಸವಕಳಿ ಕಳೆಯುವುದನ್ನು ನಮ್ಮ ಪುಸ್ತಕ ಕಲಿಸುತ್ತದೆ, ಆದರೆ ಹಾಗೆ ಕಟ್ಟಿದ ಹೆಸರಿಗೆ ಎಷ್ಟು ಶೇಕಡಾ ಕಳೆಯಬೇಕೆಂದು ಅದರಲ್ಲಿ ಬರೆದಿಲ್ಲ.