ಟಿಕೆಟ್ ಫ್ರೀ, ಮೇಲೊಂದು ಛತ್ರಿ: ಹಡಗಿನ ವಕೀಲ ಚಿದಂಬರಂ ಪಿಳ್ಳೆಯ ಕಥೆ

ತಮಿಳುನಾಡು ಕರಾವಳಿಯಿಂದ ಶ್ರೀಲಂಕಾಗೆ ಪ್ರಯಾಣಿಕರ ಹಡಗು ಅನ್ನೋದು ಪದೇ ಪದೇ ಶುರುವಾಗಿ ನಿಲ್ಲುವ ಧಾರಾವಾಹಿ. 2011ರಲ್ಲಿ ತೂತುಕುಡಿಯಿಂದ ಕೊಲಂಬೊಗೆ ಹೊರಟ ಸೇವೆ ಕೆಲವೇ ತಿಂಗಳಲ್ಲಿ ನಿಂತಿತು. 2023ರ ಅಕ್ಟೋಬರ್‌ನಲ್ಲಿ ನಾಗಪಟ್ಟಣಂ–ಕಾಂಕೇಸಂತುರೈ ದಾರಿಯಲ್ಲಿ ಪ್ರಧಾನಿಯೇ ವಿಡಿಯೊ ಮೂಲಕ ಹಡಗಿಗೆ ಬಾವುಟ ತೋರಿಸಿದರು. ಅದೂ ಕೆಲವೇ ದಿನಗಳಲ್ಲಿ ನಿಂತು, ಮರುವರ್ಷ ಮತ್ತೆ ಹೊರಡಬೇಕಾಯಿತು. ಈ ಸಮುದ್ರದಲ್ಲಿ ಟಿಕೆಟ್ ಮಾರಿ ಬದುಕೋದು ಎಷ್ಟು ಕಷ್ಟ ಅಂತ 120 ವರ್ಷಗಳ ಹಿಂದೆಯೇ ಒಬ್ಬ ವಕೀಲರಿಗೆ ಗೊತ್ತಾಗಿತ್ತು.

ವಿ.ಒ. ಚಿದಂಬರಂ ಪಿಳ್ಳೆ ಹುಟ್ಟಿದ್ದು 1872ರ ಸೆಪ್ಟೆಂಬರ್ 5ರಂದು, ತಿರುನೆಲ್ವೇಲಿ ಸೀಮೆಯ ಒಟ್ಟಪಿಡಾರಂನಲ್ಲಿ. ಅಪ್ಪನೂ ವಕೀಲರು. ಮಗ ಅದೇ ವೃತ್ತಿ ಹಿಡಿದು ತೂತುಕುಡಿಗೆ ಬಂದರು. ಆಗ ತೂತುಕುಡಿ–ಕೊಲಂಬೊ ದಾರಿ ಪೂರ್ತಿ ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿಯ ಕೈಲಿತ್ತು. ಸಿಲೋನಿನ ತೋಟಗಳಿಗೆ ಹೋಗುವ ಕೂಲಿಗಳು, ವ್ಯಾಪಾರಿಗಳು, ಸರಕು ಎಲ್ಲಕ್ಕೂ ಅವರದ್ದೇ ರೇಟು.

ಬಂಗಾಳ ವಿಭಜನೆ ವಿರೋಧಿಸಿ ಸ್ವದೇಶಿ ಚಳವಳಿ ಎದ್ದಾಗ ಬೇರೆಯವರು ವಿದೇಶಿ ಬಟ್ಟೆ ಸುಡುತ್ತಿದ್ದರು. ಪಿಳ್ಳೆ ಹಡಗಿನ ಲೆಕ್ಕ ಹಾಕಿದರು. 1906ರ ಅಕ್ಟೋಬರ್‌ನಲ್ಲಿ ಸ್ವದೇಶಿ ಸ್ಟೀಮ್ ನ್ಯಾವಿಗೇಷನ್ ಕಂಪನಿ ನೋಂದಣಿಯಾಯಿತು. ಬಂಡವಾಳ 10 ಲಕ್ಷ ರೂಪಾಯಿ, 25 ರೂಪಾಯಿಯ 40,000 ಷೇರುಗಳು. ಹಾಜಿ ಮೊಹಮ್ಮದ್ ಬಕೀರ್ ಸೇಟ್ ಒಬ್ಬರೇ 8,000 ಷೇರು ಕೊಂಡರು, ಅಂದರೆ 2 ಲಕ್ಷ. ಪಾಂಡಿತುರೈ ತೇವರ್ ಅಧ್ಯಕ್ಷರು. ಪಿಳ್ಳೆ ತಾವು ಇಟ್ಟುಕೊಂಡ ಹುದ್ದೆ ಸಹಾಯಕ ಕಾರ್ಯದರ್ಶಿ!

ಮೊದಲು ಬಾಡಿಗೆ ಹಡಗಿನಲ್ಲೇ ಓಡಿಸಿದರು. ಎದುರಾಳಿ ಕಂಪನಿಯ ಒತ್ತಡಕ್ಕೆ ಬಾಡಿಗೆ ಕೊಟ್ಟವರು ಹಿಂದೆ ಸರಿದರು. ಆಗ ಪಿಳ್ಳೆ ಮುಂಬೈಗೆ ಹೋಗಿ ಸ್ವಂತ ಹಡಗಿಗೆ ಹಣ ಎತ್ತಿದರು. 1907ರಲ್ಲಿ 'ಗಾಲಿಯಾ', 'ಲಾವೊ' ಎಂಬ ಎರಡು ಹಡಗು ತೂತುಕುಡಿಗೆ ಬಂದವು.

ಮುಂದೆ ನಡೆದದ್ದನ್ನು ಇವತ್ತಿನ ಆ್ಯಪ್ ಟ್ಯಾಕ್ಸಿ ಕಾಲದವರಿಗೆ ವಿವರಿಸಬೇಕಿಲ್ಲ. ಬ್ರಿಟಿಷ್ ಕಂಪನಿ ದರವನ್ನು ಒಂದು ರೂಪಾಯಿಗೆ ಇಳಿಸಿತು. ಸ್ವದೇಶಿ ಕಂಪನಿ ಎಂಟಾಣೆಗೆ ಬಂತು. ಅವರು ಟಿಕೆಟ್ಟೇ ಫ್ರೀ ಮಾಡಿ, ಹತ್ತಿದವರಿಗೆ ಒಂದೊಂದು ಛತ್ರಿನೂ ಕೊಟ್ಟರು. ಹಡಗು ತುಂಬಿರಲಿ, ಖಾಲಿ ಇರಲಿ, ಬಾಯ್ಲರ್ ತಿನ್ನುವ ಕಲ್ಲಿದ್ದಲು ಹೆಚ್ಚುಕಡಿಮೆ ಅಷ್ಟೇ. ದೊಡ್ಡ ಕಂಪನಿ ಈ ದಾರಿಯ ನಷ್ಟವನ್ನು ಬೇರೆ ಹತ್ತು ದಾರಿಗಳ ಲಾಭದಲ್ಲಿ ಮುಚ್ಚಿಕೊಳ್ಳಬಹುದು. ಎರಡೇ ಹಡಗಿನವರು ಎಲ್ಲಿಂದ ತರೋದು? ಆದರೂ ಜನ ಸ್ವದೇಶಿ ಹಡಗನ್ನೇ ಹತ್ತಿದರು ಅನ್ನೋದು ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಸೋಜಿಗದ ಭಾಗ.

ಬೆಲೆಯಿಂದ ಆಗದ್ದನ್ನು ಕಾನೂನು ಮಾಡಿತು. 1908ರ ಫೆಬ್ರವರಿಯಲ್ಲಿ ತೂತುಕುಡಿಯ ಕೋರಲ್ ಮಿಲ್ ಕಾರ್ಮಿಕರು ಮುಷ್ಕರ ಹೂಡಿದರು. ಪಿಳ್ಳೆ, ಸುಬ್ರಹ್ಮಣ್ಯ ಶಿವ ಅವರ ಬೆನ್ನಿಗೆ ನಿಂತರು, ಮುಷ್ಕರ ಗೆದ್ದಿತು. ಮಿಲ್ ನಡೆಸುತ್ತಿದ್ದ ಹಾರ್ವೆ ಕಂಪನಿಯೇ ಬ್ರಿಟಿಷ್ ಹಡಗು ಕಂಪನಿಯ ಸ್ಥಳೀಯ ಏಜೆಂಟು. ಮಾರ್ಚ್ 12ಕ್ಕೆ ಇಬ್ಬರೂ ಬಂಧನಕ್ಕೊಳಗಾದರು. ಮರುದಿನ ತಿರುನೆಲ್ವೇಲಿ ಹೊತ್ತಿ ಉರಿಯಿತು, ಪೊಲೀಸ್ ಗುಂಡಿಗೆ ನಾಲ್ವರು ಸತ್ತರು. ಜುಲೈನಲ್ಲಿ ನ್ಯಾಯಾಧೀಶ ಪಿನ್ಹೆ ಪಿಳ್ಳೆಗೆ ಎರಡು ಜೀವಾವಧಿ ಶಿಕ್ಷೆ ಬರೆದರು. ಮೇಲ್ಮನವಿಯಲ್ಲಿ ಕಡಿಮೆಯಾಯಿತು, ನಿಜ. ಆದರೆ ಕೊಯಮತ್ತೂರು ಜೈಲಿನಲ್ಲಿ ಎತ್ತಿನ ಜಾಗಕ್ಕೆ ಹೂಡಿ ಅವರಿಂದ ಎಣ್ಣೆ ಗಾಣ ಎಳೆಸಿದ್ದು ಕಡಿಮೆಯಾಗಲಿಲ್ಲ.

ಜೈಲಿನಲ್ಲಿದ್ದಾಗಲೇ, 1911ರಲ್ಲಿ, ಕಂಪನಿ ಮುಚ್ಚಿತು. ಅದೇ ವರ್ಷ ಜೂನ್‌ನಲ್ಲಿ ಮಣಿಯಾಚಿ ಸ್ಟೇಷನ್‌ನಲ್ಲಿ ವಾಂಚಿನಾಥನ್ ಕಲೆಕ್ಟರ್ ಆಶೆಯನ್ನು ಗುಂಡಿಕ್ಕಿ ಕೊಂದ. ಪಿಳ್ಳೆಯವರ ಬಂಧನದ ಹೊತ್ತಿಗೆ ತೂತುಕುಡಿಯಲ್ಲಿ ಅಧಿಕಾರಿಯಾಗಿದ್ದವನು ಅದೇ ಆಶೆ.

1912ರ ಡಿಸೆಂಬರ್‌ನಲ್ಲಿ ಬಿಡುಗಡೆ. ವಕೀಲಿ ಸನ್ನದು ಹೋಗಿತ್ತು, ಹಡಗು ಮಾರಾಟವಾಗಿತ್ತು, ಷೇರುದಾರರ ದುಡ್ಡು ಮುಳುಗಿತ್ತು. ಮದ್ರಾಸಿನಲ್ಲಿ ಅಂಗಡಿ ಇಟ್ಟರು, ನಡೆಯಲಿಲ್ಲ. ದಕ್ಷಿಣ ಆಫ್ರಿಕಾದ ತಮಿಳರು ಅವರಿಗಾಗಿ ಕೂಡಿಸಿದ ಹಣ ಗಾಂಧಿಯವರ ಬಳಿ ಇತ್ತು. ಅದಕ್ಕಾಗಿ ಇಬ್ಬರ ನಡುವೆ ತಿಂಗಳುಗಟ್ಟಲೆ ಪತ್ರ ಓಡಾಡಿ, ಕೊನೆಗೆ ಸಿಕ್ಕಿದ್ದು 347 ರೂಪಾಯಿ ಚಿಲ್ಲರೆ. ಹತ್ತು ಲಕ್ಷದ ಕಂಪನಿ ಕಟ್ಟಿದವರಿಗೆ ಆಗ ಆ ಮೊತ್ತ ದೊಡ್ಡದೇ.

ಸನ್ನದು ವಾಪಸ್ ಸಿಗಲು ನೆರವಾದವರು ವ್ಯಾಲೇಸ್ ಎಂಬ ಇಂಗ್ಲಿಷ್ ನ್ಯಾಯಾಧೀಶ. ಆ ಋಣಕ್ಕೆ ಪಿಳ್ಳೆ ಒಬ್ಬ ಮಗನಿಗೆ ವಾಲೇಶ್ವರನ್ ಅಂತ ಹೆಸರಿಟ್ಟರು. ಇಂಗ್ಲಿಷರ ಹಡಗಿಗೆ ಎದುರು ನಿಂತ ಮನುಷ್ಯನ ದ್ವೇಷದ ಅಳತೆ ಇಷ್ಟೇ. ಕೋವಿಲ್‌ಪಟ್ಟಿಯಲ್ಲಿ ವಕೀಲಿ, ತಿರುಕ್ಕುರಳ್ ವ್ಯಾಖ್ಯಾನ, ಜೇಮ್ಸ್ ಆಲೆನ್ ಪುಸ್ತಕಗಳ ತಮಿಳು ಅನುವಾದ, ಪದ್ಯರೂಪದ ಆತ್ಮಕಥೆ. ಕೊನೆಯವರೆಗೂ ಕೈ ಬಿಗಿಯೇ.

1961ರಲ್ಲಿ ಅವರ ಬದುಕನ್ನು 'ಕಪ್ಪಲೋಟ್ಟಿಯ ತಮಿಳನ್' ಎಂದು ತೆರೆಗೆ ತಂದದ್ದು ನಮ್ಮ ಬಿ.ಆರ್. ಪಂತುಲು, ಅದೇ ವರ್ಷ ಅವರ 'ಕಿತ್ತೂರು ಚೆನ್ನಮ್ಮ'ನೂ ಬಂತು. ಪಿಳ್ಳೆಯಾಗಿ ಶಿವಾಜಿ ಗಣೇಶನ್. ತೂತುಕುಡಿ ಬಂದರಿಗೆ ಪಿಳ್ಳೆಯವರ ಹೆಸರು ಬರಲು 2011 ಆಗಬೇಕಾಯಿತು. 1936ರ ನವೆಂಬರ್ 18ರಂದು, ಅದೇ ಊರಿನ ಕಾಂಗ್ರೆಸ್ ಕಚೇರಿಯಲ್ಲಿ ಅವರು ಕಣ್ಣು ಮುಚ್ಚಿದ್ದರು.